ಮತ ಹೆಚ್ಚು, ಸ್ಥಾನ ಕಡಿಮೆ: ಯಾವ ಚುನಾವಣಾ ಪದ್ಧತಿ ಯಾವ ದೋಷಕ್ಕೆ ಮದ್ದು?

2004, 2008, 2018. ಕರ್ನಾಟಕದ ಈ ಮೂರೂ ವಿಧಾನಸಭಾ ಚುನಾವಣೆಗಳಲ್ಲಿ ಅತಿ ಹೆಚ್ಚು ಮತ ಬಿದ್ದದ್ದು ಒಂದು ಪಕ್ಷಕ್ಕೆ, ಅತಿ ಹೆಚ್ಚು ಸ್ಥಾನ ಸಿಕ್ಕಿದ್ದು ಇನ್ನೊಂದು ಪಕ್ಷಕ್ಕೆ. 2004ರಲ್ಲಿ ಕಾಂಗ್ರೆಸ್ಸಿಗೆ ಶೇ 35ರಷ್ಟು ಮತ, 65 ಸ್ಥಾನ. ಬಿಜೆಪಿಗೆ ಶೇ 28ರಷ್ಟು ಮತ, 79 ಸ್ಥಾನ. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತಕ್ಕೆ 80 ಸ್ಥಾನ, ಬಿಜೆಪಿಗೆ ಶೇ 36ರಷ್ಟು ಮತಕ್ಕೆ 104. ಇದು ಒಂದೇ ಪಕ್ಷಕ್ಕೆ ಆದ ಅನ್ಯಾಯವೇನೂ ಅಲ್ಲ. 2013ರಲ್ಲಿ ಶೇ 36.6 ಮತದಿಂದ 122 ಸ್ಥಾನ ಬಾಚಿಕೊಂಡದ್ದು ಅದೇ ಕಾಂಗ್ರೆಸ್. 2014ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಶೇ 4ಕ್ಕೂ ಹೆಚ್ಚು ಮತ ಪಡೆದ ಬಿಎಸ್‌ಪಿಗೆ ಒಂದು ಸ್ಥಾನವೂ ಬರಲಿಲ್ಲ, ಶೇ 3.3ರಷ್ಟು ಮತ ಪಡೆದ ಅಣ್ಣಾ ಡಿಎಂಕೆಗೆ 37 ಬಂದವು.

ಪ್ರಜಾಪ್ರಭುತ್ವದ ದೌರ್ಬಲ್ಯ ಎಂದಾಗ ಹಣ, ಜಾತಿ, ಭ್ರಷ್ಟಾಚಾರದ ಮಾತು ಬರುತ್ತದೆ. ಅವೆಲ್ಲ ನಿಜವೇ. ಆದರೆ ಮತವನ್ನು ಸ್ಥಾನವಾಗಿ ಬದಲಿಸುವ ಲೆಕ್ಕಾಚಾರದಲ್ಲೇ ಕುಳಿತಿರುವ ದೋಷದ ಬಗ್ಗೆ ಚರ್ಚೆ ಕಡಿಮೆ. ಈ ಲೆಕ್ಕ ಸಂವಿಧಾನದ ಮೂಲಭೂತ ತತ್ವವೂ ಅಲ್ಲ, ಪ್ರಕೃತಿ ನಿಯಮವೂ ಅಲ್ಲ. ಬೇರೆ ಬೇರೆ ದೇಶಗಳು ಬೇರೆ ಬೇರೆ ಲೆಕ್ಕ ಆರಿಸಿಕೊಂಡಿವೆ. ‘ಹಾಗಾದರೆ ಯಾವುದು ಒಳ್ಳೆಯದು’ ಎಂದು ಕೇಳುವವರಿಗಾಗಿ ಈ ಹೋಲಿಕೆ.

ಮೊದಲು ಅಳತೆಗೋಲು

ಪದ್ಧತಿಗಳನ್ನು ನೋಡುವ ಮೊದಲು ನಮಗೆ ಏನು ಬೇಕು ಎಂದು ತೀರ್ಮಾನಿಸಿಕೊಳ್ಳಬೇಕು. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಐದು. ಮತಕ್ಕೂ ಸ್ಥಾನಕ್ಕೂ ತಾಳೆ ಇದೆಯೇ? ರಸ್ತೆ ಕೆಟ್ಟರೆ, ಪಡಿತರ ನಿಂತರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬುದು ಸ್ಪಷ್ಟವೇ? ಸರ್ಕಾರ ಐದು ವರ್ಷ ನಿಲ್ಲುತ್ತದೆಯೇ, ಕೆಟ್ಟ ಸರ್ಕಾರವನ್ನು ಕಿತ್ತೊಗೆಯಲು ಆಗುತ್ತದೆಯೇ? ಟಿಕೆಟ್ ಹಂಚುವ ಅಧಿಕಾರ ಯಾರ ಕೈಯಲ್ಲಿ? ಕೊನೆಯದಾಗಿ ಖರ್ಚು: ಮತಗಟ್ಟೆ, ಸಿಬ್ಬಂದಿ, ಎಣಿಕೆಯ ದಿನಗಳು, ತಿರಸ್ಕೃತವಾಗುವ ಮತಗಳು.

ಐದಕ್ಕೂ ‘ಹೌದು’ ಎನ್ನುವ ಪದ್ಧತಿ ಇಲ್ಲ. ಮೊದಲನೆಯದನ್ನು ಬಿಗಿಮಾಡಿದರೆ ಎರಡನೆಯದೋ ನಾಲ್ಕನೆಯದೋ ಸಡಿಲವಾಗುತ್ತದೆ. ಆದ್ದರಿಂದ ಯಾವ ದೋಷವನ್ನು ನಾವು ಸಹಿಸಲಾರೆವು ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ಪದ್ಧತಿ ಹುಡುಕಬೇಕು.

ಈಗಿರುವುದು: ಯಾರಿಗೆ ಹೆಚ್ಚೋ ಅವರೇ ಗೆದ್ದರು

ಕ್ಷೇತ್ರಕ್ಕೆ ಒಬ್ಬರು, ಮತದಾರನಿಗೆ ಒಂದು ಗುಂಡಿ, ಹೆಚ್ಚು ಮತ ಬಿದ್ದವರು ಶಾಸಕ. ಖರ್ಚು, ಸರಳತೆ, ಬಾಗಿಲು ತಟ್ಟುವ ಅನುಕೂಲ, ಈ ಮೂರರಲ್ಲಿ ಇದನ್ನು ಮೀರಿಸುವುದು ಕಷ್ಟ. ಮತಯಂತ್ರಕ್ಕೆ ಹೇಳಿ ಮಾಡಿಸಿದಂತಿದೆ, ಮಧ್ಯಾಹ್ನದೊಳಗೆ ಚಿತ್ರಣ ಸಿಗುತ್ತದೆ. 2004ರಲ್ಲಿ ಸಂತೇಮರಹಳ್ಳಿಯ ಫಲಿತಾಂಶವನ್ನು ಒಂದೇ ಒಂದು ಮತ ತೀರ್ಮಾನಿಸಿತು, 2023ರಲ್ಲಿ ಜಯನಗರದ್ದನ್ನು 16 ಮತ.

ದೋಷವೂ ಅಲ್ಲೇ ಇದೆ. ಒಂದು ಮತದಿಂದ ಸೋತರೂ ಹತ್ತಾರು ಸಾವಿರ ಮತ ಲೆಕ್ಕಕ್ಕಿಲ್ಲ. ತ್ರಿಕೋನ ಸ್ಪರ್ಧೆಯಲ್ಲಿ ಶೇ 35 ಪಡೆದವರು ಗೆಲ್ಲುತ್ತಾರೆ, ಬೇಡ ಎಂದ ಶೇ 65 ಜನ ಸೋಲುತ್ತಾರೆ. ಬಂಡಾಯ ಅಭ್ಯರ್ಥಿ ಮತ್ತು ಅದೇ ಹೆಸರಿನ ಡಮ್ಮಿ ಅಭ್ಯರ್ಥಿ ಇಷ್ಟು ಬೆಲೆ ಬಾಳುವುದು ಈ ಪದ್ಧತಿಯಲ್ಲೇ. 2013ರಲ್ಲಿ ಬಂದ ‘ನೋಟಾ’ ಇದಕ್ಕೆ ಮದ್ದಲ್ಲ: ಎಲ್ಲರಿಗಿಂತ ಹೆಚ್ಚು ಮತ ನೋಟಾಕ್ಕೆ ಬಿದ್ದರೂ ನಂತರದ ಸ್ಥಾನದಲ್ಲಿರುವ ಅಭ್ಯರ್ಥಿಯೇ ಗೆದ್ದಂತೆ.

ಈ ಪದ್ಧತಿಯ ಪರವಾಗಿ ಕೊಡುವ ದೊಡ್ಡ ಕಾರಣ ಸ್ಥಿರ ಸರ್ಕಾರ. ಸಂವಿಧಾನ ರಚನಾ ಸಭೆಯಲ್ಲಿ 1949ರ ಜನವರಿಯಲ್ಲಿ ಅನುಪಾತೀಯ ಪ್ರಾತಿನಿಧ್ಯದ (ಮತದ ಪಾಲಿಗೆ ತಕ್ಕಂತೆ ಸ್ಥಾನ) ತಿದ್ದುಪಡಿ ಬಂದಾಗ ಅಂಬೇಡ್ಕರ್ ಎರಡು ಕಾರಣಕ್ಕೆ ಬೇಡವೆಂದರು: ಅದಕ್ಕೆ ವ್ಯಾಪಕ ಸಾಕ್ಷರತೆ ಬೇಕು, ಮತ್ತು ಸದನ ಚೂರುಚೂರಾಗುತ್ತದೆ. ಮೊದಲ ಕಾರಣ ಆ ಹೊತ್ತಿಗೆ ಸರಿಯೇ ಇತ್ತು, 1951ರ ಜನಗಣತಿಯಲ್ಲಿ ಸಾಕ್ಷರರು ಶೇ 18ರಷ್ಟು. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75. ಎರಡನೆಯದನ್ನು ನಮ್ಮ ರಾಜ್ಯದ ಅನುಭವದಲ್ಲೇ ಇಟ್ಟು ನೋಡಬಹುದು. 2004ರ ಸದನ ಮೂವರು ಮುಖ್ಯಮಂತ್ರಿಗಳನ್ನು ಕಂಡಿತು, 2008ರದ್ದೂ ಮೂವರನ್ನು, 2018ರದ್ದೂ ಮೂವರನ್ನು. 2018ರಲ್ಲಿ 37 ಸ್ಥಾನದ ಪಕ್ಷಕ್ಕೆ ಮುಖ್ಯಮಂತ್ರಿ ಪದವಿ ಹೋಯಿತು. ಈಗಿನ ಈ ಸರಳ ಬಹುಮತ ಪದ್ಧತಿ ಸ್ಥಿರತೆ ಕೊಡುವುದು ಇಬ್ಬರೇ ಕುಸ್ತಿಗೆ ಇಳಿದಾಗ. ಮೂವರಿದ್ದರೆ ಮತ ಹರಿದೂ ಹೋಗುತ್ತದೆ, ಸ್ಥಿರತೆಯೂ ಸಿಗುವುದಿಲ್ಲ.

ಎರಡು ಸುತ್ತು

ಯಾರಿಗೂ ಅರ್ಧ ದಾಟದಿದ್ದರೆ ಮುಂದಿರುವವರ ನಡುವೆ ಇನ್ನೊಂದು ಮತದಾನ. ಫ್ರಾನ್ಸಿನ ಪದ್ಧತಿ ಇದು. ಅಲ್ಲಿನ ಸಂಸತ್ ಚುನಾವಣೆಯಲ್ಲಿ ನೋಂದಾಯಿತ ಮತದಾರರ ಶೇ 12.5ರಷ್ಟು ಬೆಂಬಲ ಪಡೆದ ಎಲ್ಲರೂ ಎರಡನೇ ಸುತ್ತಿಗೆ ಅರ್ಹರು. ಗೆದ್ದವರಿಗೆ ವಿಶಾಲ ಬೆಂಬಲ ಇರುತ್ತದೆ, ಮತದಾರ ಮೊದಲ ಸುತ್ತಿನಲ್ಲಿ ಮನಸ್ಸಿಗೆ ಬಂದವರಿಗೇ ಹಾಕಬಹುದು.

ಆದರೆ ಮೊದಲ ಸುತ್ತಿನಲ್ಲಿ ಮತ ಹಂಚಿಹೋಗುವುದು ಇಲ್ಲಿಯೂ ತಪ್ಪುವುದಿಲ್ಲ. 2002ರ ಫ್ರಾನ್ಸ್ ಅಧ್ಯಕ್ಷ ಚುನಾವಣೆಯಲ್ಲಿ 16 ಅಭ್ಯರ್ಥಿಗಳಿದ್ದರು. ಎಡಪಂಥೀಯ ಮತ ಚದುರಿ ಅವರ ಪ್ರಮುಖ ಅಭ್ಯರ್ಥಿ ಜೋಸ್ಪ್ಯಾಂ ಶೇ 16.2ಕ್ಕೆ ನಿಂತರು, ಕಟ್ಟಾ ಬಲಪಂಥದ ಲ ಪೆನ್ ಶೇ 16.9ರೊಂದಿಗೆ ಎರಡನೇ ಸುತ್ತಿಗೆ ಹೋಗಿ ಅಲ್ಲಿ ಆಗಿನ ಅಧ್ಯಕ್ಷ ಶಿರಾಕ್ ಎದುರು ಶೇ 18ಕ್ಕೆ ಸೋತರು. ಖರ್ಚಿನ ಮಾತಂತೂ ಕೇಳುವುದೇ ಬೇಡ. 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿರುವ ಕರ್ನಾಟಕದಲ್ಲಿ ಅಷ್ಟೂ ಸಿಬ್ಬಂದಿಯನ್ನು, ಶಾಲೆಗಳನ್ನು, ಪೊಲೀಸರನ್ನು ಎರಡು ಬಾರಿ ಹೊಂದಿಸಬೇಕು. ನೀತಿ ಸಂಹಿತೆ ಇನ್ನಷ್ಟು ವಾರ ಎಳೆಯುತ್ತದೆ. ಒಬ್ಬರನ್ನೇ ಆರಿಸುವ ದೊಡ್ಡ ಹುದ್ದೆಗೆ ಸರಿ, 224 ಕ್ಷೇತ್ರಗಳಿಗೆ ಭಾರ.

ಪ್ರಾಶಸ್ತ್ಯ ಮತ

ಎರಡು ಸುತ್ತಿನ ಲಾಭವನ್ನು ಒಂದೇ ದಿನದಲ್ಲಿ ಕೊಡುವುದು ಇದು: ಅಭ್ಯರ್ಥಿಗಳಿಗೆ ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯುವುದು. ನಮಗೆ ಇದು ಹೊಸದೂ ಅಲ್ಲ. ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಲ್ಲಿ ಮತ ಹಾಕಿದವರೆಲ್ಲ 1, 2, 3 ಬರೆದವರೇ.

ಲೆಕ್ಕ ಹೀಗೆ. ಸಿಂಧು ಮತ 1,60,000 ಇರಲಿ. ಮೊದಲ ಪ್ರಾಶಸ್ತ್ಯದಲ್ಲಿ ‘ಅ’ಗೆ 60,000, ‘ಆ’ಗೆ 55,000, ‘ಇ’ಗೆ 45,000. ಅರ್ಧ ಎಂದರೆ 80,000, ಅದನ್ನು ಯಾರೂ ದಾಟಿಲ್ಲ. ಕೊನೆಯ ‘ಇ’ಯನ್ನು ಕೈಬಿಟ್ಟು ಅವರ ಮತಪತ್ರಗಳಲ್ಲಿ ‘2’ ಎಲ್ಲಿದೆ ಎಂದು ನೋಡುತ್ತಾರೆ. 26,000 ‘ಆ’ ಕಡೆಗೆ, 8,000 ‘ಅ’ ಕಡೆಗೆ ಹೋದವು. 11,000 ಜನ ಎರಡನೇ ಪ್ರಾಶಸ್ತ್ಯ ಬರೆಯಲೇ ಇಲ್ಲ. ‘ಆ’ 81,000, ‘ಅ’ 68,000. ಈಗಿನ ಪದ್ಧತಿಯಲ್ಲಿ ಗೆಲ್ಲುತ್ತಿದ್ದ ‘ಅ’ ಇಲ್ಲಿ ಸೋತರು, ಏಕೆಂದರೆ ಅವರನ್ನು ಬೇಡವೆಂದವರು ಹೆಚ್ಚು. ಡಮ್ಮಿ ಅಭ್ಯರ್ಥಿಯ ಆಟ ಇಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ.

ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದ ಮತ ಎಣಿಸಬೇಕಾಗಿ ಬಂದದ್ದು 1969ರಲ್ಲಿ ಮಾತ್ರ. ಬೆಂಗಳೂರಿನ ಕಾಂಗ್ರೆಸ್ ಅಧಿವೇಶನದಲ್ಲಿ ಬಿರುಕು ಬಿಟ್ಟ ಆ ಸ್ಪರ್ಧೆಯಲ್ಲಿ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ ಗೆಲುವಿನ ಕೋಟಾ ಮುಟ್ಟಿರಲಿಲ್ಲ. ಉಳಿದ ಅಭ್ಯರ್ಥಿಗಳ ಮತ ಹಂಚಿದ ಮೇಲೆ ಸಂಜೀವ ರೆಡ್ಡಿಯವರನ್ನು ಸೋಲಿಸಿದರು. 2024ರ ಶ್ರೀಲಂಕಾ ಅಧ್ಯಕ್ಷ ಚುನಾವಣೆಯಲ್ಲೂ ಮೊದಲ ಬಾರಿಗೆ ಎರಡನೇ ಎಣಿಕೆ ನಡೆಯಿತು.

ಕೆಡುವುದು ಎಲ್ಲಿ? ಮೊದಲನೆಯದು ತಿರಸ್ಕೃತ ಮತ. ಅಭ್ಯಾಸಬಲದಿಂದ ಟಿಕ್ ಹಾಕುವುದು, ಸಹಿ ಮಾಡುವುದು, ಇಬ್ಬರಿಗೆ ‘1’ ಕೊಡುವುದು, ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ ಬಿಟ್ಟು ಜೇಬಿನ ಪೆನ್ ಬಳಸುವುದು. ಪದವೀಧರರೇ ಹೀಗೆ ತಪ್ಪುವಾಗ ಎಲ್ಲರಿಗೂ ಇದನ್ನು ತರುವ ಮೊದಲು ದೊಡ್ಡ ತಯಾರಿ ಬೇಕು. ಎರಡನೆಯದು ಎಣಿಕೆ: ಈಗಿನ ಮತಯಂತ್ರ ಕ್ರಮಾಂಕ ದಾಖಲಿಸುವುದಿಲ್ಲ, ಕಾಗದಕ್ಕೆ ಮರಳಬೇಕು ಅಥವಾ ಹೊಸ ಯಂತ್ರ ಮಾಡಿಸಬೇಕು. ಮೂರನೆಯದು ಸೂಕ್ಷ್ಮ ದೋಷ: ಎಲ್ಲರ ಎರಡನೇ ಆಯ್ಕೆಯಾಗಿದ್ದು ಮೊದಲ ಆಯ್ಕೆ ಕಡಿಮೆ ಇರುವ ಸಮಾಧಾನದ ವ್ಯಕ್ತಿ ಮೊದಲೇ ಹೊರಬೀಳುತ್ತಾರೆ. ಅಮೆರಿಕದ ಬರ್ಲಿಂಗ್ಟನ್ ನಗರದಲ್ಲಿ 2009ರ ಮೇಯರ್ ಚುನಾವಣೆಯಲ್ಲಿ ಹೀಗೇ ಆಗಿ, ಮರುವರ್ಷ ಜನ ಆ ಪದ್ಧತಿಯನ್ನೇ ಕೈಬಿಟ್ಟರು.

ಇನ್ನೊಂದು ಭ್ರಮೆ ಬೇಡ. ಕ್ಷೇತ್ರಕ್ಕೆ ಒಬ್ಬರನ್ನೇ ಆರಿಸುವವರೆಗೆ ಪ್ರಾಶಸ್ತ್ಯ ಮತ ಒಟ್ಟು ತಾಳೆಯನ್ನು ಸರಿಮಾಡುವುದಿಲ್ಲ. 2025ರಲ್ಲಿ ಆಸ್ಟ್ರೇಲಿಯಾದ ಲೇಬರ್ ಪಕ್ಷ ಶೇ 34.6ರಷ್ಟು ಮೊದಲ ಪ್ರಾಶಸ್ತ್ಯದಲ್ಲಿ 150ರ ಪೈಕಿ 94 ಸ್ಥಾನ ಗೆದ್ದಿತು.

ಪಟ್ಟಿ ಪದ್ಧತಿ

ಮತ ಪಕ್ಷಕ್ಕೆ, ಮತದ ಪಾಲಿನಷ್ಟೇ ಸ್ಥಾನದ ಪಾಲು, ಪಕ್ಷ ಮೊದಲೇ ಕೊಟ್ಟ ಪಟ್ಟಿಯಿಂದ ಕ್ರಮವಾಗಿ ಸದಸ್ಯರು. ತಾಳೆಯ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ. 2023ರಲ್ಲಿ ಕರ್ನಾಟಕದ 224 ಸ್ಥಾನಗಳಿಗೆ ಗೆದ್ದ ಮಹಿಳೆಯರು 10 ಮಂದಿ. ಪಟ್ಟಿಯಿದ್ದರೆ ಒಂದು ಹೆಸರು ಬಿಟ್ಟು ಒಂದು ಮಹಿಳೆಯದಾಗಿರಬೇಕು ಎಂಬ ಒಂದೇ ಸಾಲಿನ ನಿಯಮ ಸಾಕು.

ಬೆಲೆ ತೆರಬೇಕಾದದ್ದು ಬೇರೆ ಕಡೆ. ನಿಮ್ಮ ಊರಿಗೆ ‘ನಮ್ಮ ಎಂಎಲ್ಎ’ ಎಂಬುವರು ಇರುವುದಿಲ್ಲ. ಪಟ್ಟಿಯಲ್ಲಿ ಮೂರನೇ ಸ್ಥಾನವೋ ಮೂವತ್ತನೆಯದೋ ಎಂದು ತೀರ್ಮಾನಿಸುವವರು ಹೈಕಮಾಂಡ್. ಬಿ ಫಾರಂಗೆ ಈಗಲೇ ಇಷ್ಟು ಗುದ್ದಾಟವಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಶ್ರೀಲಂಕಾದಲ್ಲಿ ಪಟ್ಟಿಯೊಳಗೆ ಮೂವರಿಗೆ ಪ್ರಾಶಸ್ತ್ಯ ಕೊಡುವ ಹಕ್ಕು ಮತದಾರನಿಗಿದೆ. ಅದರಿಂದ ಹೈಕಮಾಂಡ್ ಹಿಡಿತ ಸಡಿಲವಾಯಿತು, ಒಂದೇ ಪಕ್ಷದವರ ನಡುವೆ ಜಿಲ್ಲೆಯುದ್ದಕ್ಕೂ ದುಬಾರಿ ಪೈಪೋಟಿ ಶುರುವಾಯಿತು.

ಇಲ್ಲಿ ಕೈಗೆ ಸಿಗುವ ದೊಡ್ಡ ಸ್ಕ್ರೂ ಎಂದರೆ ಕನಿಷ್ಠ ಮತದ ಮಿತಿ, ಅದಕ್ಕಿಂತ ಕಡಿಮೆ ಪಡೆದ ಪಕ್ಷಕ್ಕೆ ಸ್ಥಾನವೇ ಇಲ್ಲ. ನೆದರ್ಲೆಂಡ್ಸಿನಲ್ಲಿ 150ರಲ್ಲಿ ಒಂದು ಸ್ಥಾನಕ್ಕೆ ಬೇಕಾದಷ್ಟು, ಅಂದರೆ ಶೇ 0.67, ಮತ ಸಾಕು. 2021ರಲ್ಲಿ 17 ಪಕ್ಷಗಳು ಒಳಗೆ ಬಂದವು, ಸರ್ಕಾರ ರಚನೆಗೆ 299 ದಿನ ಹಿಡಿಯಿತು. ಇಸ್ರೇಲಿನಲ್ಲಿ ಮಿತಿ ಶೇ 3.25, ಆದರೂ 2019ರ ಏಪ್ರಿಲಿನಿಂದ 2022ರ ನವೆಂಬರ್ ಒಳಗೆ ಐದು ಚುನಾವಣೆ ನಡೆದವು. ಮಿತಿ ಏರಿಸಿದರೆ ಮತ ವ್ಯರ್ಥವಾಗುವ ಹಳೆಯ ರೋಗ ಹಿಂಬಾಗಿಲಿನಿಂದ ಬರುತ್ತದೆ: ಜರ್ಮನಿಯ 2025ರ ಚುನಾವಣೆಯಲ್ಲಿ ಒಂದು ಪಕ್ಷ ಶೇ 4.98 ಪಡೆದು ಶೇ 5ರ ಗೆರೆಯ ಹೊರಗೇ ಉಳಿಯಿತು.

ಮಿಶ್ರ ಪದ್ಧತಿ: ಎರಡು ಬಗೆ, ಒಂದೇ ಹೆಸರು

ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಇಲ್ಲಿ. ಕ್ಷೇತ್ರದ ಶಾಸಕರೂ ಇರುತ್ತಾರೆ, ಮೇಲೆ ಒಂದಷ್ಟು ಪಟ್ಟಿ ಸ್ಥಾನಗಳೂ ಇರುತ್ತವೆ. ಆದರೆ ಪಟ್ಟಿ ಸ್ಥಾನ ಹಂಚುವ ರೀತಿ ಎರಡು. ಜರ್ಮನಿ, ನ್ಯೂಜಿಲೆಂಡ್‌ಗಳಲ್ಲಿ ಅವು ಕ್ಷೇತ್ರಗಳಲ್ಲಾದ ಏರುಪೇರನ್ನು ತುಂಬಿಕೊಡಲು ಇವೆ. ನೇಪಾಳದಲ್ಲಿ 165 ಕ್ಷೇತ್ರ ಸ್ಥಾನ, 110 ಪಟ್ಟಿ ಸ್ಥಾನ ಪ್ರತ್ಯೇಕವಾಗಿ ನಡೆಯುತ್ತವೆ. ಒಂದರ ಲೆಕ್ಕ ಇನ್ನೊಂದಕ್ಕೆ ತಾಗುವುದಿಲ್ಲ.

ವ್ಯತ್ಯಾಸ ಎಷ್ಟೆಂದು ನಮ್ಮ ಅಂಕಿಗಳಲ್ಲೇ ನೋಡೋಣ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲಿ ಈಗಿರುವ ಸ್ಥಾನಗಳ ಮೇಲೆ ಶೇ 25ರಷ್ಟು ಪಟ್ಟಿ ಸ್ಥಾನ ಸೇರಿಸುವ ಸಲಹೆ ಕೊಟ್ಟಿತ್ತು. ಕರ್ನಾಟಕಕ್ಕೆ ಅದು 224 ಜೊತೆಗೆ 56, ಒಟ್ಟು 280, ಬಹುಮತಕ್ಕೆ 141. ಶೇ 5ರ ಮಿತಿ ಇಟ್ಟುಕೊಳ್ಳೋಣ, ಮೂರು ಪಕ್ಷಗಳು ದಾಟುತ್ತವೆ.

2018ರ ಮತಗಳು ಸುಮಾರು ಶೇ 38.1, 36.3, 18.3, ಕ್ಷೇತ್ರಗಳಲ್ಲಿ ಗೆದ್ದದ್ದು ಕಾಂಗ್ರೆಸ್ 80, ಬಿಜೆಪಿ 104, ಜೆಡಿಎಸ್ 37, ಇತರೆ 3. ತುಂಬಿಕೊಡುವ ಬಗೆಯಲ್ಲಿ 56 ಪಟ್ಟಿ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 34, ಬಿಜೆಪಿಗೆ 4, ಜೆಡಿಎಸ್‌ಗೆ 18 ಹೋಗಿ ಒಟ್ಟು 114, 108, 55 ಆಗುತ್ತದೆ. ಮತದ ಕ್ರಮವೂ ಸ್ಥಾನದ ಕ್ರಮವೂ ಒಂದೇ. ಪ್ರತ್ಯೇಕ ಬಗೆಯಲ್ಲಿ ಪಟ್ಟಿ ಸ್ಥಾನ 23, 22, 11 ಎಂದು ಹಂಚಿಕೆಯಾಗಿ ಒಟ್ಟು 103, 126, 48. ಮತ ಹೆಚ್ಚು ಬಿದ್ದವರು ಹಿಂದೆಯೇ ಉಳಿದರು. 56 ಹೊಸ ಕುರ್ಚಿ ಹಾಕಿದ್ದಷ್ಟೇ ಲಾಭ.

2023ಕ್ಕೆ ಇದೇ ಲೆಕ್ಕ. ಕಾಂಗ್ರೆಸ್ ಶೇ 42.9ರಲ್ಲಿ 135 ಕ್ಷೇತ್ರ ಗೆದ್ದಿದೆ, ಅದರ ನ್ಯಾಯಯುತ ಪಾಲಿಗಿಂತ ಇದೇ ಹೆಚ್ಚು. ತುಂಬಿಕೊಡುವ ಬಗೆಯಲ್ಲಿ ಅದಕ್ಕೆ ಪಟ್ಟಿಯಿಂದ ಏನೂ ಇಲ್ಲ. ಬಿಜೆಪಿಗೆ 37, ಜೆಡಿಎಸ್‌ಗೆ 19. 280ರಲ್ಲಿ 135, ಅಂದರೆ ಬಹುಮತಕ್ಕೆ 6 ಕಡಿಮೆ. ಪ್ರತ್ಯೇಕ ಬಗೆಯಲ್ಲಿ ಕಾಂಗ್ರೆಸ್ಸಿಗೆ ಇನ್ನೂ 26 ಸೇರಿ 161, ನಿಶ್ಚಿಂತ ಬಹುಮತ. ನಿಯಮ ಬದಲಾದರೆ ಜನ ಮತ ಹಾಕುವ ರೀತಿಯೂ ಬದಲಾಗುತ್ತದೆ, ಆದ್ದರಿಂದ ಇದನ್ನು ಭವಿಷ್ಯವಾಣಿ ಎಂದು ಓದಬಾರದು. ಯಂತ್ರ ಹೇಗೆ ತಿರುಗುತ್ತದೆ ಎಂದು ತಿಳಿಯಲು ಮಾತ್ರ. ‘ಮಿಶ್ರ ಪದ್ಧತಿ ತರುತ್ತೇವೆ’ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ಬಗೆಯದು?

ನ್ಯೂಜಿಲೆಂಡ್ ಈ ದಾರಿ ಹಿಡಿದದ್ದು ನಮ್ಮಂಥದ್ದೇ ನೋವಿನಿಂದ. 1978, 1981ರಲ್ಲಿ ಹೆಚ್ಚು ಮತ ಪಡೆದ ಲೇಬರ್ ಎರಡೂ ಬಾರಿ ಸೋತಿತು. 1981ರಲ್ಲಿ ಶೇ 20ಕ್ಕೂ ಹೆಚ್ಚು ಮತ ಪಡೆದ ಮೂರನೇ ಪಕ್ಷಕ್ಕೆ ಸಿಕ್ಕಿದ್ದು 2 ಸ್ಥಾನ. 1993ರ ಜನಮತಗಣನೆಯಲ್ಲಿ ಶೇ 53.9 ಜನ ಬದಲಾವಣೆಗೆ ಒಪ್ಪಿದರು. 1996ರ ಮೊದಲ ಚುನಾವಣೆಯ ನಂತರ ಸರ್ಕಾರ ರಚನೆಗೆ ಸುಮಾರು ಎರಡು ತಿಂಗಳು ಬೇಕಾಯಿತು, ಜನ ಸಿಡಿಮಿಡಿಗೊಂಡರು. 2011ರಲ್ಲಿ ಮತ್ತೆ ಕೇಳಿದಾಗ ಶೇ 57.8 ಜನ ಇದೇ ಇರಲಿ ಎಂದರು. 2017ರಲ್ಲಿ 9 ಸ್ಥಾನದ ಪಕ್ಷ ಸರ್ಕಾರ ಯಾರದೆಂದು ತೀರ್ಮಾನಿಸಿತು. 2020ರಲ್ಲಿ ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತವೂ ಬಂದಿತು.

ಕೆಡುವ ಜಾಗಗಳು ಎರಡು. ಕ್ಷೇತ್ರಗಳಲ್ಲಿ ಪಾಲಿಗಿಂತ ಹೆಚ್ಚು ಗೆದ್ದವರಿಗೆ ಸರಿದೂಗಿಸಲು ಸದನವನ್ನೇ ಹಿಗ್ಗಿಸಬೇಕಾಗುತ್ತದೆ: ಜರ್ಮನಿಯ 598ರ ಸದನ 2021ರಲ್ಲಿ 736 ಆಯಿತು. 2023ರ ತಿದ್ದುಪಡಿ ಅದನ್ನು 630ಕ್ಕೆ ಕಟ್ಟಿಹಾಕಿತು. ಪರಿಣಾಮವಾಗಿ 2025ರಲ್ಲಿ ತಮ್ಮ ಕ್ಷೇತ್ರದಲ್ಲಿ ಮೊದಲು ಬಂದ 23 ಮಂದಿಗೆ ಕುರ್ಚಿಯೇ ಸಿಗಲಿಲ್ಲ. ಎರಡನೆಯದು ನೇರ ವಂಚನೆ: ಕ್ಷೇತ್ರಕ್ಕೆ ಒಂದು ಪಕ್ಷ, ಪಟ್ಟಿಗೆ ಅದರದೇ ಬೇನಾಮಿ ಪಕ್ಷ. ಕ್ಷೇತ್ರವೇ ಗೆಲ್ಲದ ಬೇನಾಮಿಗೆ ತುಂಬಿಕೊಡುವ ಪಟ್ಟಿ ಸ್ಥಾನ ಪೂರ್ತಿ ಸಿಗುತ್ತದೆ. ದಕ್ಷಿಣ ಕೊರಿಯಾದಲ್ಲಿ 2020ರಲ್ಲಿ ಎರಡೂ ದೊಡ್ಡ ಪಕ್ಷಗಳು ಇದನ್ನೇ ಮಾಡಿದವು. ಆಫ್ರಿಕಾದ ಪುಟ್ಟ ದೇಶ ಲೆಸೊಥೊ ಅಂಥದ್ದೇ ಆಟಕ್ಕೆ ಕಂಡುಕೊಂಡ ಮದ್ದು ಸರಳ: ಮತದಾರನಿಗೆ ಒಂದೇ ಮತ, ಅಭ್ಯರ್ಥಿಗೆ ಹಾಕಿದ್ದೇ ಅವರ ಪಕ್ಷದ ಪಟ್ಟಿಗೂ ಲೆಕ್ಕ. ಬೇನಾಮಿ ಪಕ್ಷ ಹುಟ್ಟಿಸಲು ಯಾರೂ ಹಿಂಜರಿಯದ ನಮ್ಮಲ್ಲಿ ಒಂದು ಮತದ ಈ ವಿಧಾನವನ್ನೇ ಹಿಡಿಯಬೇಕು.

ಬಹುಸದಸ್ಯ ಕ್ಷೇತ್ರದಲ್ಲಿ ಪ್ರಾಶಸ್ತ್ಯ ಮತ

ಐರ್ಲೆಂಡಿನ ಪದ್ಧತಿ: ಕ್ಷೇತ್ರಕ್ಕೆ ಮೂರರಿಂದ ಐದು ಸದಸ್ಯರು, ಮತದಾರ 1, 2, 3 ಬರೆಯುತ್ತಾನೆ. ಪಟ್ಟಿಯ ಹಂಗಿಲ್ಲದೆ ತಾಳೆ ಸಿಗುತ್ತದೆ. ನಮ್ಮ ರಾಜ್ಯಸಭಾ ಚುನಾವಣೆಯ ಸುದ್ದಿಯಲ್ಲಿ ಬರುವ ‘ಗೆಲ್ಲಲು 45 ಮತ’ ಇದೇ ಸೂತ್ರದ್ದು: 224 ಶಾಸಕರು, 4 ಸ್ಥಾನ, 224ನ್ನು 5ರಿಂದ ಭಾಗಿಸಿದರೆ 44.8, ಆದ್ದರಿಂದ 45. ಅಲ್ಲಿ ಗೆದ್ದವರ ಹೆಚ್ಚುವರಿ ಮತ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗವಾಗುತ್ತದೆ, ವ್ಯರ್ಥವಾಗುವುದಿಲ್ಲ. ಬಂಡಾಯ ಅಭ್ಯರ್ಥಿ ನಿಂತರೂ ಪಕ್ಷದ ಮತ ಒಡೆದು ಹಾಳಾಗುವುದಿಲ್ಲ. ಟಿಕೆಟ್ ಕೊಡುವವರ ಹಿಡಿತ ತಗ್ಗುವುದು ಈ ಪದ್ಧತಿಯಲ್ಲೇ ಅತಿ ಹೆಚ್ಚು. ಐರ್ಲೆಂಡಿನಲ್ಲಿ ಸರ್ಕಾರಗಳು 1959, 1968ರಲ್ಲಿ ಇದನ್ನು ತೆಗೆಯಲು ಜನಮತಗಣನೆ ನಡೆಸಿದಾಗ ಜನ ಎರಡೂ ಬಾರಿ ಬಿಟ್ಟುಕೊಡಲಿಲ್ಲ.

ಗಾತ್ರವೇ ಇದರ ತೊಡಕು. 2023ರಲ್ಲಿ ರಾಜ್ಯದ ಕ್ಷೇತ್ರವೊಂದಕ್ಕೆ ಸರಾಸರಿ 2.3 ಲಕ್ಷಕ್ಕೂ ಹೆಚ್ಚು ಮತದಾರರು. ನಾಲ್ಕು ಸೇರಿಸಿದರೆ 9 ಲಕ್ಷ ದಾಟುತ್ತದೆ, ಮತಪತ್ರದಲ್ಲಿ ಮೂವತ್ತು ನಲವತ್ತು ಹೆಸರು, ಎಣಿಕೆ ಹಲವು ದಿನ. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಪ್ರಚಾರ ಮಾಡಬಲ್ಲವರು ದುಡ್ಡಿದ್ದವರೇ.

ಹಾಗಾದರೆ ಆಯ್ಕೆ

ಊರಿನ ಶಾಸಕರು ಕೈಗೆ ಸಿಗಬೇಕು, ಖರ್ಚು ಹೆಚ್ಚಬಾರದು, ಸ್ಪರ್ಧೆ ಬಹುತೇಕ ಇಬ್ಬರ ನಡುವೆಯೇ ಎನ್ನುವಲ್ಲಿ ಈಗಿನ ಪದ್ಧತಿ ಸಾಕು. ತ್ರಿಕೋನ ಸ್ಪರ್ಧೆಯನ್ನೇ ಹೆಚ್ಚಾಗಿ ಕಂಡಿರುವ ಕರ್ನಾಟಕದಂಥ ರಾಜ್ಯದ ವಿಧಾನಸಭೆಗೆ ತುಂಬಿಕೊಡುವ ಬಗೆಯ ಮಿಶ್ರ ಪದ್ಧತಿ ಹೆಚ್ಚು ಹೊಂದುತ್ತದೆ: 224 ಕ್ಷೇತ್ರಗಳೂ, ಅದರಲ್ಲಿನ 36 ಪರಿಶಿಷ್ಟ ಜಾತಿ ಮತ್ತು 15 ಪರಿಶಿಷ್ಟ ಪಂಗಡ ಮೀಸಲು ಕ್ಷೇತ್ರಗಳೂ ಹಾಗೇ ಉಳಿಯುತ್ತವೆ, ಒಂದೇ ಮತವಾದರೆ ಮತಯಂತ್ರವೂ ಬದಲಾಗಬೇಕಿಲ್ಲ, ಪಟ್ಟಿಗೆ ಮೀಸಲಾತಿ ಮತ್ತು ಮಹಿಳಾ ಕ್ರಮದ ನಿಯಮ ಸೇರಿಸಬಹುದು. ಇದಕ್ಕೆ ತೆರುವ ಬೆಲೆ, ಸಮ್ಮಿಶ್ರ ಸರ್ಕಾರವೇ ವಾಡಿಕೆಯಾಗುವುದು ಮತ್ತು 56 ಹೆಸರು ಹೈಕಮಾಂಡ್ ಕೈಯಲ್ಲಿರುವುದು. ಆ ಬೆಲೆ ಬೇಡ ಎನ್ನುವವರು ಕನಿಷ್ಠ ಪ್ರಾಶಸ್ತ್ಯ ಮತವನ್ನಾದರೂ ಕೇಳಬೇಕು; ಅದು ತಾಳೆ ಕೊಡದು, ಆದರೆ ಬಹುಜನ ಬೇಡವೆಂದವರನ್ನು ತಡೆಯುತ್ತದೆ.

ವಿಧಾನಸಭೆಯ ನಿಯಮ ನಮ್ಮ ಕೈಯಲ್ಲಿಲ್ಲ. ಅಪಾರ್ಟ್‌ಮೆಂಟ್ ಸಂಘ, ಹೊರನಾಡಿನ ಕನ್ನಡ ಸಂಘ, ಹಳೆ ವಿದ್ಯಾರ್ಥಿಗಳ ಸಂಘಗಳ ಬೈಲಾ ಮಾತ್ರ ಸದಸ್ಯರ ಕೈಯಲ್ಲೇ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ನಡೆಯುವುದು ‘ಒಂಬತ್ತು ಸ್ಥಾನ, ಒಂಬತ್ತು ಮತ’ ವಿಧಾನ. 100 ಸದಸ್ಯರಲ್ಲಿ 55 ಮಂದಿ ಒಂದು ಪ್ಯಾನೆಲ್, 45 ಮಂದಿ ಇನ್ನೊಂದು ಎಂದಿದ್ದರೆ ಒಂಬತ್ತಕ್ಕೆ ಒಂಬತ್ತೂ ಮೊದಲ ಪ್ಯಾನೆಲ್ಲಿಗೆ. ಮುಂದಿನ ವರ್ಷ ಆ 45 ಮಂದಿ ಸಭೆಗೇ ಬರುವುದಿಲ್ಲ. ಪ್ರಾಶಸ್ತ್ಯ ಮತದಲ್ಲಿ ಗೆಲುವಿನ ಗೆರೆ 100ನ್ನು 10ರಿಂದ ಭಾಗಿಸಿ ಒಂದು ಸೇರಿಸಿದರೆ 11. ಫಲಿತಾಂಶ 5 ಮತ್ತು 4.

ನಡೆಸುವ ಕ್ರಮ ಕಷ್ಟವಿಲ್ಲ. ಸೂತ್ರ, ಸಮಬಲವಾದರೆ ಏನು, ಹೆಚ್ಚುವರಿ ಮತ ವರ್ಗಾಯಿಸುವ ರೀತಿ, ಈ ಮೂರನ್ನೂ ಚುನಾವಣೆ ಘೋಷಿಸುವ ಮೊದಲೇ ಬೈಲಾದಲ್ಲಿ ಬರೆಯಿಸಿ. ಹೆಸರುಗಳ ಕ್ರಮವನ್ನು ಒಂದೊಂದು ಕಟ್ಟು ಮತಪತ್ರದಲ್ಲಿ ಒಂದೊಂದು ರೀತಿ ಮುದ್ರಿಸಿ, ಇಲ್ಲದಿದ್ದರೆ ಮೇಲಿನ ಹೆಸರಿಗೆ ಬಿಟ್ಟಿ ‘1’ಗಳು ಬೀಳುತ್ತವೆ. ‘ಟಿಕ್ ಹಾಕಬೇಡಿ, ಅಂಕಿ ಬರೆಯಿರಿ, ಒಂದು ಅಂಕಿ ಒಬ್ಬರಿಗೆ ಮಾತ್ರ’ ಎಂಬ ಸಾಲು ಮತಪತ್ರದ ತಲೆಯಲ್ಲೇ ಇರಲಿ. ಒಂದು ‘1’ ಸ್ಪಷ್ಟವಾಗಿದ್ದರೆ ಉಳಿದದ್ದು ಖಾಲಿ ಇದ್ದರೂ ಮತ ಸಿಂಧು ಎಂದು ಬರೆದಿಡಿ. ಎಣಿಕೆಗೆ ಒಂದು ಮೇಜು, ಅಭ್ಯರ್ಥಿಗೊಂದು ಟ್ರೇ, ಪ್ರತಿ ಸುತ್ತಿನ ಅಂಕಿ ಬರೆಯಲು ಒಂದು ಬೋರ್ಡ್, ಎರಡೂ ಕಡೆಯ ಒಬ್ಬೊಬ್ಬ ಏಜೆಂಟ್. ನೂರಿನ್ನೂರು ಮತಕ್ಕೆ ಒಂದು ಮಧ್ಯಾಹ್ನ ಸಾಕು.